ನಾನು ನಿಂಗಮ್ಮನವರನ್ನು ಹೊಗಳಿದ್ದು

ಹೊಗಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಗುಮಾನಿ. ಯಾರಾದರೂ "ಶರ್ಟು ಚೆನ್ನಾಗಿದೆ" ಎಂದರೆ, ಗುಂಡಿ ಕಿತ್ತುಹೋಗಿದೆಯೇನೋ ಎಂದು ತಡವಿ ನೋಡಿಕೊಳ್ಳುತ್ತೇನೆ. ಇದು ನನ್ನೊಬ್ಬನ ರೋಗವಲ್ಲ, ನಮ್ಮ ಮಂಡ್ಯ ಸೀಮೆಯ ಗಾಳಿಯೇ ಹಾಗೆ. ಇಲ್ಲಿ ಪ್ರೀತಿ ಉಕ್ಕಿದರೆ ಬೈಯುತ್ತಾರೆ. ನಾನು ಡಿಗ್ರಿ ಪಾಸಾದ ದಿನ ನಮ್ಮಪ್ಪ, "ಅಂತೂ ಪಾಸಾದಾ, ಕತ್ತೆ ಬಡವ" ಎಂದಿದ್ದರು. ಅದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಈವರೆಗೂ ಬಂದಿಲ್ಲ. ಇನ್ನು ಮದ್ದೂರಿನ ನಮ್ಮ ಕಚೇರಿಯಲ್ಲಿ ಮನುಷ್ಯನನ್ನು ಹೊಗಳುವುದು ಒಂದೇ ದಿನ. ನಿವೃತ್ತಿಯೋ ವರ್ಗಾವಣೆಯೋ ಆದಾಗ, ಶಾಲು ಹೊದಿಸಿ, ಹಾರ ಹಾಕಿ.

ಇದೆಲ್ಲ ಗೊತ್ತಿದ್ದೂ ಎಡವಿದೆ. ಸೂಪರಿಂಟೆಂಡೆಂಟ್ ಎಂಬ ಕಾರಣಕ್ಕೆ ನನ್ನನ್ನು ಮಂಡ್ಯಕ್ಕೆ ಒಂದು ದಿನದ ತರಬೇತಿಗೆ ಕಳಿಸಿದ್ದರು. ಅಲ್ಲಿ ಟೈ ಕಟ್ಟಿದ್ದ ಯುವಕನೊಬ್ಬ, "ದಿನಕ್ಕೊಬ್ಬ ಸಹೋದ್ಯೋಗಿಯನ್ನು ಮೆಚ್ಚಿಕೊಳ್ಳಿ, ಕಚೇರಿ ಸ್ವರ್ಗವಾಗುತ್ತೆ" ಎಂದ. ಮಾರನೆಯ ದಿನವೇ ಸ್ವರ್ಗಕ್ಕೆ ಗುದ್ದಲಿ ಪೂಜೆ ಮಾಡಲು ಹೊರಟೆ. ಮೊದಲು ಸಿಕ್ಕವರು ಟಪಾಲು ನೋಡಿಕೊಳ್ಳುವ ನಿಂಗಮ್ಮ. ಕಚೇರಿಗೆ ಬರುವ ಪ್ರತಿ ಲಕೋಟೆಯನ್ನೂ ಮೊದಲು ಒಡೆಯುವವರು ಅವರೇ. ಯಾವ ಫೈಲು ಯಾವ ಬೀರುವಿನಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಾರೆ.

"ನಿಂಗಮ್ಮ, ನಿಮ್ಮಂಥವರು ಸಿಕ್ಕಿದ್ದು ನಮ್ಮ ಪುಣ್ಯ" ಎಂದೆ.

ಅವರು ಎತ್ತಿದ್ದ ಸೀಲು ಅಲ್ಲೇ ನಿಂತಿತು. "ಯಾವೂರ್ಗಾಕವ್ರೆ ಸಾ ನನ್ನ? ಮಳವಳ್ಳಿಗಾ?"

"ಅಯ್ಯೋ, ಎಲ್ಲಿಗೂ ಇಲ್ಲ. ಆರ್ಡರ್ ಬಂದಿದ್ದರೆ ಟಪಾಲಿನಲ್ಲಿ ನೀವೇ ನೋಡ್ತಿರಲಿಲ್ವಾ?"

"ನಿಮ್ಗೆ ಫೋನಲ್ಲೇ ಯೋಳಿರ್ತಾರೆ ಬುಡಿ ಸಾ. ಮಗ್ಳು ಈ ವರ್ಸ ಎಸ್ಸೆಸ್ಸೆಲ್ಸಿ. ಪರೀಕ್ಸೆ ಮುಗಿಯೋಗಂಟನಾದ್ರೂ ತಡ್ಸಿ" ಎಂದವರ ಕಣ್ಣಲ್ಲಿ ನೀರು. ತರಬೇತಿಯ ಕಥೆಯನ್ನೆಲ್ಲ ಬಿಡಿಸಿ ಹೇಳಿದೆ. ಹೇಳಿದಷ್ಟೂ ಅವರ ಅನುಮಾನ ಗಟ್ಟಿಯಾಯಿತು. ಭಾನುವಾರ ಮುತ್ತತ್ತಿಗೆ ಹೋಗಿ ಆಂಜನೇಯನಿಗೆ ಹರಕೆ ಕಟ್ಟಿಕೊಂಡು ಬಂದರಂತೆ.

ಸೋಮವಾರ ಸಾಹೇಬರು ಕೇಳಿದ ಫೈಲು ಸಿಗಲಿಲ್ಲ. ನಿಂಗಮ್ಮ ಬೀರುವಿನ ಮುಂದೆ ಮಂಕಾಗಿ ನಿಂತಿದ್ದರು. ನನಗೆ ರೇಗಿಹೋಯಿತು. "ಏನ್ರೀ ನಿಂಗಮ್ಮ, ತಲೆ ಎಲ್ಲಿಟ್ಟಿದ್ದೀರಿ? ಮುಂದಿನ ವರ್ಷವೂ ಹಿಂಗೇ ಆದ್ರೆ ನಿಮ್ಮ ಜೊತೆ ನಾನು ಹೆಂಗ್ರೀ ಏಗೋದು?"

"ಮುಂದಿನ್ ವರ್ಸವೂ ಇಲ್ಲೇ ಇರ್ತೀನಾ ಸಾ?" ಅವರ ಮುಖ ಊರಗಲವಾಯಿತು. ಎರಡೇ ನಿಮಿಷದಲ್ಲಿ ಫೈಲು ನನ್ನ ಮೇಜಿನ ಮೇಲಿತ್ತು. ತರಬೇತಿಯ ಯುವಕ ಎದುರಿಗಿದ್ದಿದ್ದರೆ ಅವನಿಗೂ ನಾಲ್ಕು ಬೈದು ಕಳಿಸುತ್ತಿದ್ದೆ.

ನಿನ್ನೆ ಬೆಳಿಗ್ಗೆ ನಿಂಗಮ್ಮ ಹರಕೆ ತೀರಿಸಿ, ಮುತ್ತತ್ತಿಯ ಪ್ರಸಾದ ತಂದುಕೊಟ್ಟರು. ಏನಾದರೂ ರಜೆ ಬೇಕಿತ್ತೇ ಎಂದು ಕೇಳಿದೆ. "ಏನೂ ಬ್ಯಾಡ, ತಿನ್ನಿ ಸಾ" ಎಂದು ನಕ್ಕು, ಟಪಾಲಿನ ಕಟ್ಟು ಬಿಚ್ಚಲು ಕುಳಿತರು. ಒಂದು ಲಕೋಟೆ ಒಡೆದರು, ಓದಿದರು, ಮಡಚಿಟ್ಟರು. ಆಮೇಲೆ ನನ್ನನ್ನೇ ನೋಡುತ್ತಾ ಬಲು ಮೃದುವಾಗಿ, "ಏನೇ ಅನ್ನಿ ಸಾ, ನಿಮ್ಮಂತೋರು ಸಿಕ್ಕಿದ್ದು ನಮ್ ಪುಣ್ಯ" ಎಂದರು.

ಪ್ರಸಾದ ಹಿಡಿದ ಕೈ ಬಾಯಿಯ ಹತ್ತಿರವೇ ನಿಂತಿತು.

"ನಿಂಗಮ್ಮ," ಎಂದೆ, "ಯಾವೂರಿಗೆ ಹಾಕಿದ್ದಾರೆ?"