ಚಿಗರಿಯ ಮೂತಿ, ನನ್ನ ಮುಖ

ಬೆರಗಾಗುವುದು ಒಳ್ಳೆಯ ಗುಣವೆಂದು ತಿಳಿದವರು ಹೇಳುತ್ತಾರೆ. ನನಗೆ ಅದು ಬೇಕಾದದ್ದಕ್ಕಿಂತ ಹೆಚ್ಚೇ ಬಂದಿದೆ. ಸಂತೆಯಲ್ಲಿ ಬಳೆಗಾರ ಬಳೆ ತೊಡಿಸುವುದನ್ನು ನೋಡುತ್ತ ನಿಂತು, ಹೆಂಡತಿ ಹೇಳಿಕಳಿಸಿದ ಕಾಯಿಪಲ್ಲೆ ಮರೆತು ಬರಿಗೈಯಲ್ಲಿ ಮನೆಗೆ ಹೋಗಿದ್ದೇನೆ. ಸಾಲೆಯ ಕಿಟಕಿಯಲ್ಲಿ ಜೇಡ ಬಲೆ ನೇಯುವುದನ್ನು ನೋಡುತ್ತ ನಿಂತು, ಮಕ್ಕಳೆಲ್ಲ ಎದ್ದುಹೋದದ್ದೂ ಗೊತ್ತಾಗದೆ ಖಾಲಿ ಕೋಣೆಗೆ ಮಗ್ಗಿ ಹೇಳಿಕೊಟ್ಟಿದ್ದೇನೆ. ಇದರಿಂದ ಬೇರೆಯವರಿಗೇನೂ ತೊಂದರೆಯಿಲ್ಲ ಎಂದು ಸಮಾಧಾನದಿಂದಿದ್ದೆ. ಒಂದು ನಾಯಿಯ ಜೀವಕ್ಕೇ ಸಂಚಕಾರ ಬಂದ ಮೇಲೆ ಹಾಗೆ ಹೇಳುವ ಧೈರ್ಯ ಉಳಿದಿಲ್ಲ.

ಆಗ ನಮ್ಮ ಸೀಮೆ ಮುಂಬಯಿ ರಾಜ್ಯದಲ್ಲಿತ್ತು, ಗೋವೆ ಪೋರ್ತುಗೀಜರ ಕೈಯಲ್ಲಿತ್ತು. ಅಂದರೆ ಮುಧೋಳದ ಸಾಲೆ ಮಾಸ್ತರನಾದ ನಾನು ಮಡಗಾಂವದ ತಂಗಿಯ ಮನೆಗೆ ಹೋಗುವುದೆಂದರೆ ಪರದೇಶಕ್ಕೆ ಹೋದಂತೆಯೇ. ತಂಗಿಯ ಗಂಡನಿಗೆ ನಮ್ಮೂರ ಬೇಟೆನಾಯಿಯ ಹುಚ್ಚು. ಕಾಗದದ ಮೇಲೆ ಕಾಗದ ಬರೆದು ನನ್ನನ್ನು ಒಪ್ಪಿಸಿದ. ರನ್ನ ಬೆಳಗಲಿಯ ಕುರಿಗಾರ್ತಿ ಕಲ್ಲವ್ವನ ಹತ್ತಿರ ಚಿಗರಿ ಎಂಬ ಹೆಣ್ಣುನಾಯಿ ಇತ್ತು. ಬೆತ್ತದಂಥ ಕಾಲು, ಬಳಕುವ ನಡು, ಓಡಿದರೆ ನೆಲಕ್ಕೆ ಕಾಲು ತಾಗಿತೋ ಇಲ್ಲವೋ ಎಂಬ ಅನುಮಾನ. ಕೊಡಲು ಕಲ್ಲವ್ವ ಒಪ್ಪಿದಳು, ಆದರೆ ತಾನೂ ಬರುವುದಾಗಿ ಹಟ ಹಿಡಿದಳು.

"ನನ್ನ ಕೈಯಾಗಿಂದ ಬಿಟ್ರ ಅದು ಯಾರ ಕೈಯಾಗೂ ತಿನ್ನೂದಿಲ್ರಿ ಮಾಸ್ತರ. ನಾಕ ದಿನ ಇದ್ದು, ರೂಢಿ ಮಾಡಿಸಿ ಬರ್ತೇನಿ."

ಅರವತ್ತು ದಾಟಿದ ಆಕೆ ಬೀಳಗಿಯಿಂದಾಚೆ ಕಾಲಿಟ್ಟವಳಲ್ಲ. ಆದರೂ ಹೆಗಲ ಮೇಲೊಂದು ಕಂಬಳಿ, ಕೈಯಲ್ಲೊಂದು ಚರಿಗಿ ಹಿಡಿದು, ಪಕ್ಕದ ಓಣಿಗೆ ಹೊರಟವಳ ಹಾಗೆ ಹೊರಟಳು.

ಬೆಳಗಾವಿ ದಾಟಿ, ಘಟ್ಟದ ಕಾಡು ಸುರುವಾಗಿ, ಗಡಿಯ ಹತ್ತಿರದ ಒಂದು ಸ್ಟೇಷನ್ನಿನಲ್ಲಿ ಗಾಡಿ ನಿಂತಿತು. ಎರಡು ತಾಸು ಹೊರಡುವುದಿಲ್ಲ ಎಂದರು. ಗಾರ್ಡನ ಡಬ್ಬಿಯಿಂದ ಚಿಗರಿಯನ್ನು ಇಳಿಸಿಕೊಂಡೆವು. ನೀರು ತರಲು ಹೊರಟ ಕಲ್ಲವ್ವ ಸರಪಳಿಯನ್ನು ನನ್ನ ಕೈಗೆ ಕೊಟ್ಟಳು.

"ಗಿಡದ ಸಮೀಪ ಬಿಡಬ್ಯಾಡ್ರಿ. ಮಳಿ ಹಸಿ ಐತಿ, ಹುಳಾ ಇರ್ತಾವ. ಇದು ಕಂಡಕಂಡಲ್ಲಿ ಮೂತಿ ಹಚ್ಚತೈತಿ."

"ನನಗ ಅಷ್ಟೂ ತಿಳಿಯೂದಿಲ್ಲೇನ ಕಲ್ಲವ್ವಾ?" ಎಂದೆ.

ತುಸು ದೂರದಲ್ಲಿ ಒಂದು ದಪ್ಪ ಮರ. ಅದರ ಬೊಡ್ಡೆಗೆ ಯಾರೋ ಕಂದು ಬಣ್ಣದ ಉಣ್ಣೆಯ ವಸ್ತ್ರ ಸುತ್ತಿದ ಹಾಗಿತ್ತು. ಹತ್ತಿರ ಹೋದೆ. ವಸ್ತ್ರ ಅಲುಗಿತು! ಸಾವಿರಾರು ಕಂಬಳಿಹುಳುಗಳು ಮೈಗೆ ಮೈ ಹಚ್ಚಿ ಮಲಗಿದ್ದವು. ಒಂದು ತಲೆ ಎತ್ತಿದರೆ ಎಲ್ಲವೂ ತಲೆ ಎತ್ತುತ್ತಿದ್ದವು. ಇಡೀ ಮರವೇ ಉಸಿರಾಡಿದಂತೆ. ಇಷ್ಟು ಹುಳುಗಳಿಗೆ ಯಾರು ಅಪ್ಪಣೆ ಕೊಡುತ್ತಾರೆ? ನನ್ನ ಸಾಲೆಯ ನಲವತ್ತು ಮಕ್ಕಳು ಒಂದು ದಿನವೂ ಹೀಗೆ ಒಟ್ಟಿಗೆ ತಲೆ ಎತ್ತಿದವರಲ್ಲ. ಬಾಯಿ ತೆರೆದು ನಿಂತೆ. ಸರಪಳಿ ಯಾವಾಗ ಸಡಿಲಾಯಿತೋ ಗೊತ್ತಿಲ್ಲ.

ಚಿಗರಿ ಕುಂಯ್ ಎಂದಾಗ ನೋಡಿದರೆ ಮೂತಿಯ ತುಂಬ ಹುಳುಗಳ ಸಣ್ಣ ಕೂದಲು, ಬಾಯಿಂದ ನೊರೆ. ಗಾಬರಿಯಾಗಿ ಧೋತರದ ಚುಂಗಿನಿಂದ ಗಸಗಸ ಒರೆಸಿದೆ. ಅದು ಇನ್ನಷ್ಟು ಚೀರಿತು. ನನಗೆ ಅಳು ಬಂತು. ಅದೇ ಚುಂಗಿನಿಂದ ಕಣ್ಣು ಒರೆಸಿಕೊಂಡೆ.

"ಒರಸಬ್ಯಾಡ್ರೀ!" ಕಲ್ಲವ್ವ ಓಡಿ ಬಂದಳು. "ತಿಕ್ಕಿದಷ್ಟೂ ಕೂದಲಾ ಒಳಗ ಹೊಕ್ಕತಾವ. ಬೆಲ್ಲ ಎಲ್ಲೈತಿ?"

ತಂಗಿಗೆಂದು ಒಯ್ಯುತ್ತಿದ್ದ ಬೆಲ್ಲ ಘಟ್ಟದ ತೇವದ ಗಾಳಿಗೆ ಬೆವರಿ ಅಂಟಂಟಾಗಿತ್ತು. ಆಕೆ ಕೈಗೆ ಸೆರಗು ಸುತ್ತಿಕೊಂಡು ಬೆಲ್ಲದ ಉಂಡೆಯನ್ನು ಚಿಗರಿಯ ಮೂತಿಗೆ ಮೆಲ್ಲಗೆ ಒತ್ತಿ ಎತ್ತಿದಳು. ಕೂದಲು ಅಂಟಿಕೊಂಡು ಬಂದವು. ಆ ಉಂಡೆ ಎಸೆದು ಇನ್ನೊಂದು. ಆಮೇಲೆ ಅದರ ತಲೆ ಕೆಳಗೆ ಬಗ್ಗಿಸಿ, ನೀರು ಗಂಟಲಿಗೆ ಇಳಿಯದೆ ಹೊರಗೆ ಹರಿಯುವಂತೆ, ನಾಲಿಗೆಯ ಮೇಲೆ ಚರಿಗಿ ಚರಿಗಿ ನೀರು ಬಿಟ್ಟಳು. ನಾಲಿಗೆ ಬಾತು ಹಲ್ಲಿನಾಚೆ ಬಂದಿತ್ತು. ಉಸಿರು ಗೊರಗೊರ ಎನ್ನುತ್ತಿತ್ತು. ಅಂಥ ನೋವಿನಲ್ಲೂ ಚಿಗರಿ ಆಕೆಯ ಕೈಗೆ ಹಲ್ಲು ತಾಗಿಸಲಿಲ್ಲ. ಕಣ್ಣು ಮಿಟುಕಿಸದೆ ಆಕೆಯ ಮುಖವನ್ನೇ ನೋಡುತ್ತಿತ್ತು. ಮೊಲ ಕಂಡರೆ ಬಾಣದಂತೆ ಹಾರುವ ಪ್ರಾಣಿ ಕಲ್ಲಿನಂತೆ ಕೂತಿತ್ತು. ನನಗೆ ಮರದ ಮೇಲಿನ ಹುಳುಗಳೆಲ್ಲ ಮರೆತುಹೋದವು.

"ಬದುಕತೈತೇನ ಕಲ್ಲವ್ವಾ?"

"ಸುಮ್ಮನ ಕುಂದರ್ರಿ ಮಾಸ್ತರ. ನೋಡಾಕತ್ತೇನಿ."

ಗಂಟಲ ಮೇಲೆ ಎರಡು ಬೆರಳಿಟ್ಟು ಆಕೆ ಕಾದಳು. ಒಂದು ತಾಸಾಗಿರಬೇಕು. ಉಸಿರು ಮೆಲ್ಲಗೆ ಹಗುರಾಯಿತು. ಚಿಗರಿ ತಾನಾಗಿ ಎದ್ದು ಚರಿಗಿಯ ನೀರು ಕುಡಿಯಿತು. ಆಗ ಕಲ್ಲವ್ವ ಮೊದಲ ಸಲ ನನ್ನತ್ತ ತಿರುಗಿ, "ಯಪ್ಪಾ! ಇದೇನ್ರಿ ನಿಮ್ಮ ಮಾರಿ!" ಎಂದಳು.

ಎರಡೂ ಕಣ್ಣು ಮುಚ್ಚಿಹೋಗುವಷ್ಟು ಬಾತಿದ್ದವು, ಕೆನ್ನೆ ದದ್ದುದದ್ದಾಗಿತ್ತು. ನನ್ನ ಮುಖಕ್ಕೂ ಬೆಲ್ಲ ಒತ್ತಿದಳು. ಅಷ್ಟರಲ್ಲಿ ಗಾಡಿ ಸೀಟಿ ಹಾಕಿತು, ಚಿಗರಿಯನ್ನು ಹತ್ತಿಸಿ ನಾವೂ ಹತ್ತಿದೆವು.

ಗಡಿಯಾಚೆ ಪೋರ್ತುಗೀಜ ಅಧಿಕಾರಿ ನನ್ನ ಪರವಾನಗಿಯ ಫೋಟೊ ನೋಡಿದ, ನನ್ನನ್ನು ನೋಡಿದ, ಮತ್ತೆ ಫೋಟೊ ನೋಡಿದ. ಜೊತೆಗಿದ್ದ ಗುಮಾಸ್ತ ಕಲ್ಲವ್ವನನ್ನು ಮರಾಠಿಯಲ್ಲಿ, ಇವನು ಯಾರು ಎಂದು ವಿಚಾರಿಸಿದ: "ಹಾ ಕೋಣ?"

ಕಲ್ಲವ್ವನಿಗೆ ಸಿಟ್ಟು ಬಂತು. "ಕೋಣ ಅಲ್ರಿ ಸಾಹೇಬ್ರ, ಮಾಸ್ತರ! ಬಾತೈತಿ ಅಷ್ಟ."

ಗುಮಾಸ್ತನಿಗೆ ಕನ್ನಡ ಬರುತ್ತಿತ್ತೆಂದು ಕಾಣುತ್ತದೆ. ನಕ್ಕು ನಕ್ಕು ಕೆಮ್ಮಿದ. ಅಧಿಕಾರಿ ನಾಯಿಯನ್ನೂ ಆಕೆಯನ್ನೂ ಕೂಡಲೆ ಬಿಟ್ಟ. ನನ್ನನ್ನು ಮಾತ್ರ, ಕಣ್ಣು ಅರ್ಧ ತೆರೆದು ಫೋಟೊದ ಹೋಲಿಕೆ ಬರುವವರೆಗೆ ಬೆಂಚಿನ ಮೇಲೆ ಕೂಡಿಸಿದ. ಅಷ್ಟು ಹೊತ್ತೂ ಕಲ್ಲವ್ವ, ಬಿಡುಗಡೆಯಾದವಳು, ಬಾಗಿಲಲ್ಲಿ ಕಂಬಳಿ ಹಾಸಿ ಚಿಗರಿಯೊಡನೆ ನನಗಾಗಿ ಕಾದು ಕೂತಿದ್ದಳು.

ಮಡಗಾಂವದಲ್ಲಿ ಚಿಗರಿ ನಾಲ್ಕನೆಯ ದಿನಕ್ಕೆ ತಂಗಿಯ ಕೈಯಿಂದ ರೊಟ್ಟಿ ತಿಂದಿತು. ಕಲ್ಲವ್ವ ಗೋಡೆಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡಳು. ನಾವಿಬ್ಬರೂ ಊರಿಗೆ ಮರಳಿದೆವು.

ಕೆಲವು ದಿನ ಕಳೆದು ರನ್ನ ಬೆಳಗಲಿಗೆ ಹೋದಾಗ, ಆಕೆ ಓಣಿಯ ಹೆಂಗಸರನ್ನು ಸುತ್ತ ಕೂಡಿಸಿಕೊಂಡು ಪ್ರವಾಸದ ಕತೆ ಹೇಳುತ್ತಿದ್ದಳು. ನನ್ನ ಹೆಸರು ಕೇಳಿ ಗೋಡೆಯ ಮರೆಯಲ್ಲಿ ನಿಂತೆ.

"ಎರಡನ್ನೂ ಜ್ವಾಕಿಲೇ ಒಯ್ದೆನ್ಯವ್ವಾ," ಎನ್ನುತ್ತಿದ್ದಳು. "ಚಿಗರಿನ್ನ ಅವ್ರು ಖುಷೀಲೆ ಇಟಗೊಂಡ್ರು. ಮಾಸ್ತರನ್ನ ಯಾರೂ ಇಟಗೊಳ್ಳಲಿಲ್ಲ. ತಿರುಗಿ ಕರಕೊಂಡ ಬಂದೆ."