ಎದುರಿಗೆ ಕುಳಿತವರು

ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂದ ಮಹಾನುಭಾವ ಯಾರೋ ನನಗೆ ಗೊತ್ತಿಲ್ಲ. ಅವನ ಕುಲಕಸುಬಿನ ಮೇಲೆ ಒಂದು ಗಾದೆಯೂ ಇರಲಿಕ್ಕಿಲ್ಲ ಎಂಬುದು ಮಾತ್ರ ಖಂಡಿತ. ಕೊಪ್ಪಳದಲ್ಲಿ ನಮ್ಮದು ಪತ್ತಾರಿಕೆ, ಎಂದರೆ ಅಕ್ಕಸಾಲಿ ಕೆಲಸ. ಅಕ್ಕಸಾಲಿಗ ಅಕ್ಕನ ಚಿನ್ನವನ್ನೂ ಬಿಡುವುದಿಲ್ಲ ಎಂಬ ಮಾತನ್ನು ನಾನು ಊದುಗೊಳವೆ ಹಿಡಿಯುವ ಮೊದಲೇ ಕೇಳಿದ್ದೆ. ತಳಕಲ್ಲಿನ ಒಂದು ಮದುವೆಯಲ್ಲಿ ತುಪ್ಪ ಬಡಿಸಲು ಬಂದ ಹೆಂಗಸು ಎಲ್ಲರ ಎಲೆ ದಾಟಿ ನನ್ನ ಎಲೆಗೆ ಬಂದಾಗ ಮಾತ್ರ ಸೆರಗಿನಿಂದ ಕೊರಳು ಮುಚ್ಚಿಕೊಂಡಳು. ಒಂದು ಕೈ ಕೊರಳಿಗೆ ಹೋದದ್ದರಿಂದ ತುಪ್ಪವೂ ನೆಟ್ಟಗೆ ಬೀಳಲಿಲ್ಲ. ನಾನು ಹೋಳಿಗೆ ತಿನ್ನಲು ಹೋದವನು, ಸರ ಕೀಳಲು ಹೋದವನಲ್ಲ!

ನಮ್ಮ ಅಂಗಡಿಯಲ್ಲಿ ಗಿರಾಕಿಗಳು ಚಿನ್ನ ಕೊಟ್ಟು ಮನೆಗೆ ಹೋಗುವ ಪದ್ಧತಿಯೇ ಇಲ್ಲ. ಕೆಲಸ ಮುಗಿಯುವವರೆಗೂ ಎದುರಿಗೇ ಕುಳಿತು, ನನ್ನ ಕೈಯನ್ನೇ ನೋಡುತ್ತಾರೆ. ತಹಸೀಲು ಕಚೇರಿಯ ಪೇಶ್ಕಾರ ಸಾಹೇಬರು ತಾವು ಬರದೆ ಜವಾನನನ್ನು ಕೂಡಿಸುತ್ತಿದ್ದರು. ಅವನು ಕುಳಿತಲ್ಲೇ ಗೊರಕೆ ಹೊಡೆಯುತ್ತಿದ್ದುದರಿಂದ ಅವನ ಮೇಲೆ ನನಗೆ ಸಿಟ್ಟಿರಲಿಲ್ಲ. ಯುದ್ಧ ಶುರುವಾಗಿ ಚಿನ್ನದ ಧಾರಣೆ ಏರಿದ ಮೇಲಂತೂ ಜನ ಕಣ್ಣು ಮಿಟುಕಿಸುವುದನ್ನೂ ಬಿಟ್ಟರು. ಇರಲಿ, ಪರರು. ಆದರೆ ಒಂದು ದಿನ ನನ್ನ ಒಡಹುಟ್ಟಿದ ಅಕ್ಕನೇ ಬಂದು ಕುಳಿತಳು.

ಅವಳನ್ನು ಕೊಟ್ಟದ್ದು ಬೇವೂರಿನ ಬಡಿಗೇರರ ಮನೆಗೆ. ಮರಗೆಲಸದ ಬಡಿಗೇರರೂ ನಮ್ಮ ಕುಲದವರೇ, ಆದರೆ ಚಿನ್ನದ ಮಾತು ಬಂದಾಗ ಅವರೂ ಊರವರೇ. ಅತ್ತೆಯ ಹಳೆಯ ಬೋರಮಾಳ ಸರ ಕರಗಿಸಿ ಪಾಟ್ಲಿ ಬಳೆ ಮಾಡಿಸಿಕೊಂಡು ಹೋಗಲು ಬಂದಿದ್ದಳು. ಬಂದವಳು ಕಾಲು ತೊಳೆದು ಒಳಗೆ ಹೋಗುವುದು ಬಿಟ್ಟು, ಅಗ್ಗಿಷ್ಟಿಕೆಯ ಮುಂದೆ ಚಕ್ಕಳಮಕ್ಕಳ ಹಾಕಿದಳು. ನನ್ನ ಹೆಂಡತಿ ಊಟಕ್ಕೆ ಕರೆದರೆ, "ರೊಟ್ಟಿ ಇಲ್ಲೇ ತಾರವ್ವಾ" ಎಂದಳು. ನನ್ನ ಮೈಯೆಲ್ಲ ಉರಿಯಿತು. ಕೆಲಸ ಮುಗಿಸಿ, ನೆಲ ಗುಡಿಸಿ, ಆ ಧೂಳನ್ನೂ ಅವಳ ಮುಂದೆ ಸುರಿದೆ.

"ಇದನ್ನೂ ಒಯ್ಯಿ ಅಕ್ಕಾ. ಇದರಾಗೂ ನಿಮ್ಮತ್ತಿ ಬಂಗಾರ ಇದ್ದೀತು."

ಅವಳು ಧೂಳನ್ನು ನಿಜವಾಗಿಯೂ ಸೆರಗಿನ ತುದಿಗೆ ಕಟ್ಟಿಕೊಂಡಳು. ಆಮೇಲೆ ಕಣ್ಣೊರೆಸಿಕೊಂಡು, "ನಿನ್ನ ಕಾಯಾಕ ಕುಂತಿಲ್ಲೋ ತಮ್ಮಾ. ನಾ ಎದ್ದು ಒಳಗ ಹೋಗಿದ್ರ ನಾಳೆ ನಮ್ಮತ್ತಿ ಮುಂದ ಏನಂತ ಹೇಳ್ಲಿ? 'ಕಣ್ಣಾರೆ ನೋಡೀನ್ರಿ, ನನ್ನ ತಮ್ಮ ಒಂದು ಗುಂಜಿನೂ ಮುಟ್ಟಿಲ್ಲ' ಅಂತ ಆಣಿ ಮಾಡಾಕ ಬರಬೇಕಲ್ಲ!" ಎಂದಳು. ನನಗೆ ನಾಚಿಕೆಯೂ ಆಯಿತು, ಅಳುವೂ ಬಂತು.

ಮುಂದಿನ ಹುಣ್ಣಿಮೆಗೆ ಹುಲಿಗಿಯಲ್ಲಿ ಅಕ್ಕ ಸಿಕ್ಕಳು. ಅತ್ತೆ ಏನೆಂದರು ಎಂದು ಕೇಳಿದೆ. ಅವರು ಪಾಟ್ಲಿಯನ್ನು ಅಂಗೈಯಲ್ಲಿ ತೂಗಿ ನೋಡಿ, ಧೂಳಿನ ಗಂಟನ್ನೂ ಬಿಚ್ಚಿ ನೋಡಿ, "ನೀ ಆಣಿ ಮಾಡಿದ್ರೇನು ಬಂತು? ನೀನೂ ಪತ್ತಾರ ಮಗಳ ಅಲ್ಲೇನು?" ಎಂದರಂತೆ. ದೇವಿಯ ಗುಡಿಯ ಮುಂದೆ ನಿಂತು ನಾನು ಬೇವೂರಿಗೆ ಬೇವೂರನ್ನೇ ಬೈದೆ. ನಂಬದವರಿಗಾಗಿ ನನ್ನ ಅಕ್ಕ ಹಗಲೆಲ್ಲ ಹೊಗೆ ಕುಡಿದದ್ದು ಮಣ್ಣುಪಾಲಾಯಿತಲ್ಲ ಎಂಬ ಸಂಕಟ ಇವತ್ತಿಗೂ ಹೋಗಿಲ್ಲ. ಅಂದಿನಿಂದ ಪತ್ತಾರರ ಮೇಲೆ ಯಾರು ಏನೆಂದರೂ ಅವರ ಮನೆಗೇ ಹೋಗಿ ಜಗಳ ತೆಗೆಯುತ್ತೇನೆ.

ಮೊನ್ನೆ ಮಗಳ ಮದುವೆಯಾಯಿತು. ಕುಷ್ಟಗಿಯ ಸಂಬಂಧ, ಅಳಿಯನೂ ಪತ್ತಾರನೇ, ಛಲೋ ಹುಡುಗ. ಬಂಡಿ ಹತ್ತುವ ಮುಂಚೆ ಮಗಳನ್ನು ಬದಿಗೆ ಕರೆದು, ಯಾರಿಗೂ ಕೇಳದಂತೆ ಹೇಳಿದೆ:

"ನೋಡವ್ವಾ, ನಿನ್ನ ಗಂಡ ನಿನ್ನ ಒಡವಿ ಏನರ ಕರಗಸಾಕ ತಗೊಂಡ್ರ, ಒಲಿ ಮ್ಯಾಲಿನ ಅಡಿಗಿ ಹೊತ್ತಿದ್ರೂ ಚಿಂತಿಲ್ಲ, ನೀ ಎದುರಿಗೆ ಹೋಗಿ ಕುಂದರು."

ಮಗಳು ಅಳುತ್ತಲೇ ತಲೆಯಾಡಿಸಿದಳು.

"ಅವ್ವ ನಿನ್ನೆ ರಾತ್ರೀನ ಇದನ್ನ ಹೇಳ್ಯಾಳಪ್ಪಾ."

ಅವಳ ಅವ್ವನಿಗೆ ಆ ಬುದ್ಧಿ ಯಾರನ್ನು ನೋಡಿ ಬಂತೆಂದು ನಾನು ಕೇಳಲು ಹೋಗಲಿಲ್ಲ.