ಯಾರಿಗೂ ಬಾರದ ಭಾಷೆ

ಮನುಷ್ಯನಿಗೆ ಬುದ್ಧಿ ಕಡಿಮೆ ಇದ್ದರೆ ಹೇಗೋ ನಿಭಾಯಿಸಬಹುದು, ಸ್ವಲ್ಪ ಹೆಚ್ಚಾದರೆ ಮಾತ್ರ ಸುತ್ತಲಿನವರಿಗೆ ಕಷ್ಟ ಎಂಬುದು ನನ್ನ ಹೆಂಡತಿ ವಿಮಲಳ ಅಭಿಪ್ರಾಯ. ಉದಾಹರಣೆಗೆ ಅವಳು ದೂರ ಹೋಗುವುದಿಲ್ಲ. ಬಸವೇಶ್ವರನಗರದ ದರ್ಶಿನಿಯೊಂದರ ಮೇಲಿನ ಮಹಡಿಯಲ್ಲಿ ನನ್ನದೊಂದು ಪುಟ್ಟ ಸಾಫ್ಟ್‌ವೇರ್ ಕಚೇರಿ ಇದೆ. ಕಲ್ಯಾಣ ಮಂಟಪಗಳಿಗೆ ಬುಕಿಂಗ್ ಸಾಫ್ಟ್‌ವೇರ್ ಬರೆದುಕೊಡುವುದು ಕಸುಬು. ಸುಲಭವೆಂದುಕೊಳ್ಳಬೇಡಿ. ಕಂಪ್ಯೂಟರಿಗೆ ದಿನ ಶುರುವಾಗುವುದು ನಡುರಾತ್ರಿಗೆ. ಮಂಟಪಕ್ಕೆ ದಿನವೆಂದರೆ ಹಿಂದಿನ ಸಂಜೆಯ ರಿಸೆಪ್ಷನ್‌ನಿಂದ ಹಿಡಿದು ಮರುದಿನ ಊಟದ ಕೊನೆಯ ಪಂಕ್ತಿ ಏಳುವವರೆಗೆ. ಇದನ್ನು ಕಂಪ್ಯೂಟರಿಗೆ ಒಪ್ಪಿಸುವಷ್ಟರಲ್ಲಿ ನನ್ನ ಅರ್ಧ ಕೂದಲು ಉದುರಿತ್ತು.

ನಮ್ಮಂಥ ಸಣ್ಣ ಕಚೇರಿಗಳ ತಾಪತ್ರಯವೆಂದರೆ ಕೆಲಸಕ್ಕೆ ಸೇರಿದವರು ನಿಲ್ಲುವುದಿಲ್ಲ. ಎಲ್ಲರಿಗೂ ಬರುವ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯಲು ಕಲಿಸಿದರೆ, ಕೈ ಕುದುರಿದೊಡನೆ ದೊಡ್ಡ ಕಂಪನಿಗೆ ಹಾರುತ್ತಾರೆ. ಬೇರೆ ಯಾರೂ ಬಳಸದ ಭಾಷೆಯಲ್ಲೇ ಎಲ್ಲವನ್ನೂ ಬರೆದರೆ? ಹೋಗುತ್ತೇನೆಂದರೂ ಕರೆಯುವವರಿರುವುದಿಲ್ಲ. ಹುಡುಕಿ ಹುಡುಕಿ ಅಂಥದ್ದೊಂದನ್ನು ತಂದು, ಸಾಫ್ಟ್‌ವೇರನ್ನೆಲ್ಲ ಅದರಲ್ಲೇ ಬರೆಸಿದೆ. ನಿಜಕ್ಕೂ ಚೆಂದದ ಭಾಷೆ. ಒಂದು ಪುಟದ ಕೆಲಸ ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ. ಹೆಸರು ಹೇಳುವುದಿಲ್ಲ. ಹೇಳಿದರೂ ನೀವು ಕೇಳಿರುವುದಿಲ್ಲ, ಅದೇ ಅದರ ಹೆಚ್ಚುಗಾರಿಕೆ.

ನಮ್ಮಲ್ಲಿ ಕೆಲಸಕ್ಕಿದ್ದ ಇಬ್ಬರೂ ಮನೆಯಲ್ಲಿ ಕೂತು ಎಲ್ಲರಿಗೂ ಬರುವ ಭಾಷೆಯನ್ನೇ ಕಲಿತು, ಸ್ವೀಟ್ ಬಾಕ್ಸ್ ಕೊಟ್ಟು ಹೊರಟೇಬಿಟ್ಟರು. ಆ ಭಾಷೆ ಬಲ್ಲವನು ನಾನೊಬ್ಬನೇ ಉಳಿದೆ. ಅದೇ ಹೊತ್ತಿಗೆ ವಿಮಲ ಕಾಶಿಗೆ ಎರಡು ಟಿಕೆಟ್ ಮಾಡಿಸಿದ್ದಳು. ಮದುವೆಯಾದಂದಿನಿಂದ ಮುಂದೂಡುತ್ತ ಬಂದ ಪ್ರವಾಸ. ಈ ಸಲವೂ ತಪ್ಪಿದರೆ ಅವಳಿಗೆ ಮುಖ ತೋರಿಸುವಂತಿರಲಿಲ್ಲ. ಅಷ್ಟರಲ್ಲಿ ಚಂದ್ರಾ ಲೇಔಟಿನ ಮಂಟಪದ ಯಜಮಾನರು ಫೋನ್ ಮಾಡಿ, ಈಗಿನವರು ಬರೀ ರಿಸೆಪ್ಷನ್ ಸಾಕೆನ್ನುತ್ತಾರೆ, ಸಾಫ್ಟ್‌ವೇರಿನಲ್ಲಿ ದಿನವನ್ನು ಎರಡು ಹೋಳು ಮಾಡಿಕೊಡಿ, ಲಗ್ನದ ಸೀಸನ್ನಿಗೆ ಮುಂಚೆ ಬೇಕೇ ಬೇಕು ಎಂದರು. ಆ ಕೆಲಸ ಮಾಡಬೇಕಾದ ದಿನಗಳೂ ಕಾಶಿಗೆ ಹೋಗುವ ದಿನಗಳೂ ಒಂದೇ.

ನನ್ನ ಬದಲಿಗೆ ಒಬ್ಬರನ್ನು ಹುಡುಕತೊಡಗಿದೆ. ಲಗ್ಗೆರೆಯಿಂದ ಚೈತ್ರ ಎಂಬ ಚುರುಕಾದ ಹುಡುಗಿ ಸಂದರ್ಶನಕ್ಕೆ ಬಂದಳು. ಭಾಷೆಯ ಸೊಗಸನ್ನು ನಾನು ಮೈಮರೆತು ವರ್ಣಿಸಿದೆ. ಆಸೆಯಿಂದಲೇ ಕೇಳಿಸಿಕೊಂಡಳು.

“ಸಾರ್, ಇದನ್ನ ಕಲಿತ್ರೆ ನಾಳೆ ಬೇರೆ ಕಡೆ ಕೆಲಸ ಸಿಗುತ್ತಾ?” ಅಂದಳು.

ಸಿಗಬಾರದೆಂದೇ ಅದನ್ನು ಆರಿಸಿದವನು ನಾನು. ಕೆಳಗಿನಿಂದ ಕಾಫಿ ತರಿಸಿದೆ. ಕುಡಿದು, ಯೋಚಿಸಿ ಹೇಳುತ್ತೇನೆಂದು ಹೋದಳು. ಯೋಚನೆ ಇನ್ನೂ ಮುಗಿದಂತಿಲ್ಲ. ಅಂದಿನಿಂದ ನನಗೊಂದು ಕುತೂಹಲ: ಭಾಷೆಯ ಬೆಲೆ ಅದು ಎಷ್ಟು ಚೆಂದ ಎಂಬುದರಲ್ಲಿದೆಯೋ, ನಾಳೆ ಅದನ್ನು ತಿದ್ದಲು ಎಷ್ಟು ಜನ ಸಿಗುತ್ತಾರೆ ಎಂಬುದರಲ್ಲಿದೆಯೋ? ನಾನು ಬರೆಯುವ ಖರ್ಚನ್ನಷ್ಟೇ ನೋಡಿದ್ದೆ. ಬರೆಯುವುದು ಒಂದು ವರ್ಷ. ತಿದ್ದುವುದು ಮಂಟಪ ಇರುವವರೆಗೆ.

ನನ್ನ ಟಿಕೆಟ್ ರದ್ದಾಯಿತು. ವಿಮಲ ತಂಗಿಯನ್ನು ಜೊತೆ ಮಾಡಿಕೊಂಡಳು. ಸ್ಟೇಷನ್ನಿಗೆ ಬಿಡಲು ಹೋದಾಗ ನನಗೆ ನಿಜವಾಗಿಯೂ ಬೇಜಾರಾಗಿತ್ತು. ಅವಳು ರೈಲಿನ ಕಿಟಕಿಯಿಂದ ನನ್ನನ್ನೇ ನೋಡಿ, ಯಾರೂ ಬಿಟ್ಟು ಹೋಗಬಾರದು ಅಂತ ತಾನೇ ಆ ಭಾಷೆ ತಂದಿದ್ದು ಎಂದು ಕೇಳಿದಳು. ಹೌದೆಂದೆ.

“ನಿಮ್ಮ ಉಪಾಯ ಫಲಿಸ್ತು ಬಿಡಿ,” ಅಂದಳು. “ಒಬ್ರು ಉಳ್ಕೊಂಡ್ರಲ್ಲ.”